ಓದು ಎಲ್ಲಿ ಎಡವುತ್ತಿದೆ ಎಂದು ಮೊದಲು ನೋಡಿ

ಆರರಿಂದ ಎಂಟನೇ ತರಗತಿಯ ಮಕ್ಕಳ ಓದಿನ ಬಗ್ಗೆ ಪಾಲಕರು, ಶಿಕ್ಷಕರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಮಗ ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿ, ಕನ್ನಡ ಮಾಧ್ಯಮ. ಮಾತು ಚುರುಕು, ಬಾಯಿಲೆಕ್ಕವೂ ಚುರುಕು. ಪುಸ್ತಕ ಹಿಡಿದರೆ ಮಾತ್ರ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾನೆ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಓದಿದ್ದು ಮರೆತಿರುತ್ತದೆ. ಮತ್ತೆ ಅ ಆ ಇ ಈಯಿಂದ ಶುರು ಮಾಡಿಸಬೇಕೇ?
– ತಾಯಿ, ತಿಪಟೂರು

ಉತ್ತರ: ಬೇಡ. ಅವನಿಗೆ ಬಹುಶಃ ಮೂಲಾಕ್ಷರಗಳೆಲ್ಲ ಗೊತ್ತಿವೆ. ಗೊತ್ತಿರುವುದನ್ನೇ ಮತ್ತೆ ತಿದ್ದಿಸಿದರೆ ಹನ್ನೊಂದು ವರ್ಷದ ಹುಡುಗನಿಗೆ ಅವಮಾನವಾಗುತ್ತದೆ, ಎಡವುವ ಜಾಗ ಹಾಗೆಯೇ ಉಳಿಯುತ್ತದೆ. ಮೊದಲು ಆ ಜಾಗ ಹುಡುಕಿ.

ನಾಲ್ಕನೇ ತರಗತಿಯ ಕನ್ನಡ ಪುಸ್ತಕದಲ್ಲಿ ಅವನು ಬಾಯಿಪಾಠ ಮಾಡಿರದ ಒಂದು ಪಾಠ ತೆಗೆಯಿರಿ. ಸುಮಾರು 100 ಪದ ಎಣಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿ. ಅವನು ಗಟ್ಟಿಯಾಗಿ ಓದಲಿ, ನೀವು ಪಕ್ಕದಲ್ಲಿ ಕೂತು ಎಡವಿದ ಪದಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಡುವೆ ತಿದ್ದಬೇಡಿ. ತಪ್ಪು ಐದರೊಳಗಿದ್ದರೆ ಆ ಮಟ್ಟದ ಪುಸ್ತಕವನ್ನು ಅವನೊಬ್ಬನೇ ಓದಬಲ್ಲ. ಆರರಿಂದ ಹತ್ತಿದ್ದರೆ ಯಾರಾದರೂ ಜೊತೆಗಿರಬೇಕು. ಹತ್ತು ದಾಟಿತೆಂದರೆ ಆ ಪುಸ್ತಕ ಸದ್ಯಕ್ಕೆ ಭಾರ, ಮೂರನೇ ತರಗತಿಯದ್ದಕ್ಕೆ ಇಳಿಯಿರಿ.

ಈಗ ಆ ಹಾಳೆ ನೋಡಿ. ಎಡವಿದ ಪದಗಳಲ್ಲಿ ಹೆಚ್ಚಿನವು ಮೂರು ಗುಂಪಿಗೆ ಬರುತ್ತವೆ.

ಮೊದಲನೆಯದು ದೀರ್ಘ. ‘ಕೆರೆ’ಯನ್ನು ‘ಕೇರೆ’ ಎಂದು, ‘ಕೋಡು’ವನ್ನು ‘ಕೊಡು’ ಎಂದು ಓದುವುದು. ಇದಕ್ಕೆ ಜೋಡಿ ಪದಗಳೇ ಮದ್ದು. ‘ಕೆರೆಯ ಏರಿ ಮೇಲೆ ಕೇರೆ ಹೋಯಿತು’ ಎಂದು ಬರೆದು ಓದಿಸಿ. ದೀರ್ಘ ತಪ್ಪಿದರೆ ಹಾವು ಹೋಗಿ ಕೆರೆಯೇ ನಡೆದಂತಾಗುತ್ತದೆ, ಅದು ಅವನಿಗೇ ಹೊಳೆಯುತ್ತದೆ.

ಎರಡನೆಯದು ಒತ್ತಕ್ಷರ. ದೊಡ್ಡ ತರಗತಿಗೆ ಬಂದ ಮಕ್ಕಳು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಮಕ್ಕಳು ಕನ್ನಡದ ಅಕ್ಷರಗಳನ್ನು ಒಂದು, ಎರಡನೇ ತರಗತಿಯಲ್ಲೇ ಕಲಿತು ಮುಗಿಸುತ್ತಾರೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗಿಲ್ಲ. ಒಂದೊಂದು ವ್ಯಂಜನಕ್ಕೂ ಕಾಗುಣಿತ, ಅದರ ಮೇಲೆ ಒತ್ತು ಸೇರಿದರೆ ಗುರುತಿಸಬೇಕಾದ ರೂಪಗಳು ನೂರಾರು. ಒತ್ತುಗಳಲ್ಲಿ ಕೆಲವು ಮೂಲ ಅಕ್ಷರವನ್ನೇ ಹೋಲುತ್ತವೆ, ತ, ನ, ಮ, ಯ, ರ, ಲ ಇವುಗಳ ಒತ್ತು ಹೋಲುವುದೇ ಇಲ್ಲ. ಒಂದು ವಾರಕ್ಕೆ ಒಂದೇ ಒತ್ತು ಹಿಡಿಯಿರಿ. ತ-ಒತ್ತಿನ ವಾರ: ಹತ್ತಿ, ಬುತ್ತಿ, ಮುತ್ತು, ಸುತ್ತಿಗೆ, ಕತ್ತಲೆ, ಉತ್ತರ. ಯ-ಒತ್ತಿನ ವಾರ: ವಿದ್ಯೆ, ಸತ್ಯ, ಬಾಲ್ಯ, ಪದ್ಯ, ವ್ಯವಸಾಯ. ದಿನಕ್ಕೆ ಎಂಟು-ಹತ್ತು ಪದ ಸಾಕು. ಪದಗಳನ್ನು ಬಿಡಿಬಿಡಿಯಾಗಿ ಓದಿಸಿ ಅಲ್ಲಿಗೇ ಬಿಡಬೇಡಿ, ಪ್ರತಿಯೊಂದನ್ನೂ ಒಂದು ವಾಕ್ಯದೊಳಗೆ ಓದಿಸಿ.

ಅರ್ಕಾವತ್ತಿಗೆ ಬೇರೆ ವಾರವೇ ಬೇಕು. ‘ಸೂರ್ಯ’, ‘ಮಾರ್ಗ’, ‘ವರ್ಷ’ ಇವುಗಳಲ್ಲಿ ಕಣ್ಣಿಗೆ ಕೊನೆಯಲ್ಲಿ ಕಾಣುವ ಗುರುತನ್ನು ಬಾಯಿ ಮೊದಲು ಹೇಳಬೇಕು. ಕಂಡ ಕ್ರಮದಲ್ಲೇ ಓದುವ ಮಗು ‘ಸೂಯ್ರ’, ‘ಮಾಗ್ರ’ ಎನ್ನುತ್ತದೆ. ಅದು ಅಜಾಗರೂಕತೆಯಲ್ಲ, ಲಿಪಿಯ ಈ ತಿರುವನ್ನು ಯಾರೂ ಬಿಡಿಸಿ ಹೇಳಿಲ್ಲ ಅಷ್ಟೆ. ‘ಚಕ್ರ’ ಮತ್ತು ‘ತರ್ಕ’ ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಿ. ಒಂದರಲ್ಲಿ ಕ ಮೊದಲು, ಇನ್ನೊಂದರಲ್ಲಿ ರ ಮೊದಲು.

ಮೂರನೆಯದು ಉದ್ದ ಪದ. ‘ಮಾಡಬೇಕಾಗಿರುವುದರಿಂದ’ ಎಂಬಲ್ಲಿ ಅಕ್ಷರಗಳೆಲ್ಲ ಸುಲಭದವು. ಆದರೂ ಹುಡುಗ ನಡುವೆ ದಾರಿ ತಪ್ಪುತ್ತಾನೆ. ಪೆನ್ಸಿಲಿನಲ್ಲಿ ತೆಳುವಾಗಿ ಗೆರೆ ಹಾಕಿ: ಮಾಡ|ಬೇಕಾಗಿ|ರುವುದ|ರಿಂದ. ಮೊದಲು ತುಂಡು ತುಂಡಾಗಿ, ಆಮೇಲೆ ಒಂದೇ ಉಸಿರಿಗೆ. ಇಪ್ಪತ್ತು ಮೂವತ್ತು ಪದಗಳಿಗೆ ಹೀಗೆ ಮಾಡಿದ ಮೇಲೆ ಗೆರೆಯನ್ನು ಅವನೇ ಹಾಕಲಿ.

ಇದರ ಜೊತೆಗೆ ದಿನಕ್ಕೆ 20 ನಿಮಿಷ ಒಂದೇ ಭಾಗವನ್ನು ಮರಳಿ ಮರಳಿ ಓದಿಸಬೇಕು. 60–80 ಪದಗಳ ಒಂದು ಭಾಗ ಆರಿಸಿ. ಮೊದಲು ನೀವು ಓದಿ, ಅವನ ಬೆರಳು ಸಾಲಿನ ಕೆಳಗೆ ಹರಿಯಲಿ. ಎರಡನೇ ಸಲ ಇಬ್ಬರೂ ಸೇರಿ. ಮೂರನೇ ಸಲ ಅವನೊಬ್ಬನೇ. ಮೊಬೈಲಿನಲ್ಲಿ ಸಮಯ ನೋಡಿ, ತಾರೀಖು, ಸಮಯ, ತಪ್ಪು ಮೂರನ್ನೂ ನೋಟ್ ಪುಸ್ತಕದಲ್ಲಿ ಬರೆಯಿರಿ. ಅದೇ ಭಾಗ ನಾಲ್ಕು ದಿನ. ತಪ್ಪು ಎರಡಕ್ಕೆ ಇಳಿದರೆ ಹೊಸ ಭಾಗಕ್ಕೆ ಹೋಗಿ. ಅವನ ಸಮಯವನ್ನು ಅವನದೇ ಹಿಂದಿನ ಸಮಯದ ಜೊತೆ ಹೋಲಿಸಿ, ತಂಗಿಯ ಜೊತೆ ಬೇಡ. ನಿಮಿಷಕ್ಕೆ ಇಷ್ಟು ಪದ ಓದಬೇಕು ಎಂದು ಇಂಗ್ಲಿಷ್ ಓದಿಗೆ ಹೇಳುವ ಲೆಕ್ಕವಂತೂ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಐದಾರು ಪದ ಬೇಕಾದದ್ದನ್ನು ಕನ್ನಡ ಒಂದೇ ಪದದಲ್ಲಿ ಹೇಳಿ ಮುಗಿಸುತ್ತದೆ.

ಓದುವಾಗ ತಡವರಿಸಿದರೆ ಕೂಡಲೇ ಬಾಯಿ ಹಾಕಬೇಡಿ. ಮನಸ್ಸಿನಲ್ಲಿ ಐದು ಎಣಿಸಿ. ಆಗಲೂ ಬರದಿದ್ದರೆ ಪದ ಹೇಳಿಕೊಟ್ಟು, ಆ ವಾಕ್ಯವನ್ನು ಮೊದಲಿನಿಂದ ಓದಿಸಿ. ನಾಲ್ಕನೇ ದಿನ ಸರಾಗವಾಗಿ ಓದಿದ್ದು ಬಾಯಿಪಾಠವೋ ಓದೋ ಎಂಬ ಅನುಮಾನ ಬರುವುದು ಸಹಜ. ಕೊನೆಯ ವಾಕ್ಯದಿಂದ ಹಿಂದಕ್ಕೆ ಒಂದೊಂದೇ ವಾಕ್ಯ ಓದಿಸಿ ನೋಡಿ, ಗೊತ್ತಾಗುತ್ತದೆ.

ಪ್ರಶ್ನೆ: ನನಗೂ ನನ್ನ ಯಜಮಾನರಿಗೂ ಓದು ಬರುವುದಿಲ್ಲ, ಈ ಪ್ರಶ್ನೆಯನ್ನು ಪಕ್ಕದ ಮನೆಯವರಿಂದ ಬರೆಸಿದ್ದೇನೆ. ಮಗಳು ಏಳನೇ ತರಗತಿ. ನಾವೇನು ಮಾಡಬಹುದು?
– ತಾಯಿ, ಸಿಂಧನೂರು

ಉತ್ತರ: ಕೇಳಿಸಿಕೊಳ್ಳಬಹುದು, ಅದು ದೊಡ್ಡ ಕೆಲಸ. ನೀವು ರೊಟ್ಟಿ ಬಡಿಯುವಾಗ ಮಗಳು ಪಕ್ಕದಲ್ಲಿ ಕೂತು 15 ನಿಮಿಷ ಗಟ್ಟಿಯಾಗಿ ಓದಲಿ. ಆಮೇಲೆ ಪುಸ್ತಕ ಮುಚ್ಚಿಸಿ, ‘ಈಗ ನಿನ್ನ ಮಾತಲ್ಲಿ ಹೇಳವ್ವಾ, ಏನಾಯ್ತು? ಅವನು ಹಂಗ್ಯಾಕೆ ಮಾಡಿದ?’ ಎಂದು ಕೇಳಿ. ‘ಯಾಕೆ’ ಎಂಬ ಪ್ರಶ್ನೆಗೆ ಉತ್ತರ ಬಂದರೆ ಅವಳಿಗೆ ಅರ್ಥವಾಗಿದೆ ಎಂದು ತಿಳಿಯಿರಿ. ಓದದೇ ಕತೆ ಕಟ್ಟುತ್ತಿದ್ದಾಳೋ ಎನಿಸಿದರೆ, ಬೆರಳಿಟ್ಟು ಓದು ಎನ್ನಿ. ಬೆರಳು ಒಂದು ಕಡೆ, ಮಾತು ಒಂದು ಕಡೆ ಹೋದರೆ ನಿಮಗೇ ಕಾಣುತ್ತದೆ.

ಪಠ್ಯಪುಸ್ತಕವೊಂದನ್ನೇ ಓದಿಸಬೇಡಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ (ಈಗ ಅದಕ್ಕೆ ಅರಿವು ಕೇಂದ್ರ ಎನ್ನುತ್ತಾರೆ) ಮಗಳ ಜೊತೆ ನೀವೇ ಒಂದು ಸಲ ಹೋಗಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಾರೆ. ಪುಸ್ತಕ ಅವಳೇ ಆರಿಸಲಿ. ಚಿತ್ರ ಹೆಚ್ಚಿರುವ, ಚಿಕ್ಕ ಮಕ್ಕಳ ಪುಸ್ತಕ ಎತ್ತಿಕೊಂಡರೂ ಬೇಡ ಎನ್ನಬೇಡಿ.

ಪ್ರಶ್ನೆ: ಏಳನೇ ತರಗತಿಯಲ್ಲಿ 38 ಮಕ್ಕಳು. ಅವರಲ್ಲಿ ಹತ್ತು-ಹನ್ನೆರಡು ಮಂದಿಗೆ ಸರಾಗ ಓದು ಇಲ್ಲ. ಶಾಲೆ ಶುರುವಾದಾಗ ಹಿಂದಿನ ತರಗತಿಯ ಕಲಿಕೆಯನ್ನು ಮರಳಿ ಮಾಡಿಸುವ ಸೇತುಬಂಧದಲ್ಲಿ ಮಾಡಿದ್ದು ಜುಲೈ ಹೊತ್ತಿಗೆ ಕರಗಿಹೋಗುತ್ತದೆ. ಪಾಠ ಮುಗಿಸುವ ಒತ್ತಡದ ನಡುವೆ ಓದಿಗೆ ಸಮಯ ಎಲ್ಲಿಂದ ತರಲಿ?
– ಶಿಕ್ಷಕಿ, ಶಿರಸಿ

ಉತ್ತರ: ಸಮಯ ನಿಮ್ಮ ಅವಧಿಯೊಳಗೇ ಇದೆ. ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು ಓದುವ ಪದ್ಧತಿಯನ್ನು ಬಿಟ್ಟರೆ ಸಿಗುತ್ತದೆ. 40 ನಿಮಿಷದಲ್ಲಿ 38 ಮಕ್ಕಳಿಗೆ ತಲಾ ಒಂದು ನಿಮಿಷ, ಉಳಿದ 39 ನಿಮಿಷ ಸುಮ್ಮನೆ ಕೂರುವುದು. ಅಲ್ಲದೆ ಓದಲು ಬಾರದ ಮಗು ತನ್ನ ಸರದಿಯ ಸಾಲು ಯಾವುದೆಂದು ಮೊದಲೇ ಎಣಿಸಿಕೊಂಡು, ಅದನ್ನಷ್ಟೇ ಪಕ್ಕದವರಿಂದ ಕೇಳಿ ಕಲಿತಿರುತ್ತದೆ.

ಬದಲಿಗೆ ಜೋಡಿ ಓದು. ಮೊದಲ ವಾರ ಒಬ್ಬೊಬ್ಬರನ್ನೇ ಕರೆದು ತಲಾ ಎರಡು ನಿಮಿಷ ಓದಿಸಿ. ದಿನಕ್ಕೆ ಎಂಟು ಮಕ್ಕಳಂತೆ ಐದು ದಿನದಲ್ಲಿ ಮುಗಿಯುತ್ತದೆ. ಓದಿನ ಸರಾಗತೆಯ ಪ್ರಕಾರ ಒಂದರಿಂದ ಮೂವತ್ತೆಂಟರವರೆಗೆ ಪಟ್ಟಿ ಮಾಡಿ, ಪಟ್ಟಿ ನಿಮ್ಮಲ್ಲೇ ಇರಲಿ. ಒಂದನೆಯವರಿಗೆ ಇಪ್ಪತ್ತನೆಯವರು ಜೋಡಿ, ಎರಡನೆಯವರಿಗೆ ಇಪ್ಪತ್ತೊಂದನೆಯವರು, ಹೀಗೆ 19 ಜೋಡಿ. ಮೊದಲನೆಯವರನ್ನೂ ಕೊನೆಯವರನ್ನೂ ಕೂಡಿಸಬೇಡಿ. ಅಂತರ ಹೆಚ್ಚಾದರೆ ಒಬ್ಬರಿಗೆ ಬೇಸರ, ಇನ್ನೊಬ್ಬರಿಗೆ ನಾಚಿಕೆ. ಮುಂದಿರುವವರು ಮೊದಲು ಒಂದು ಭಾಗ ಓದಲಿ, ಅದೇ ಭಾಗವನ್ನು ಜೊತೆಗಾರರು ಓದಲಿ. ತಲಾ ಐದು ನಿಮಿಷ, ಆಮೇಲೆ ಇಬ್ಬರೂ ಸೇರಿ ಎರಡು ವಾಕ್ಯದಲ್ಲಿ ಸಾರ ಹೇಳಲು ಎರಡು ನಿಮಿಷ. ಅರ್ಧ ಜೋಡಿಗಳನ್ನು ಜಗಲಿಗೆ ಕಳಿಸಿದರೆ ಗದ್ದಲ ತಡೆಯುವಷ್ಟಿರುತ್ತದೆ. ಆ ಹನ್ನೆರಡು ನಿಮಿಷ ನೀವು ತೀರಾ ಹಿಂದಿರುವ ಒಂದೆರಡು ಜೋಡಿಗಳ ಪಕ್ಕದಲ್ಲೇ ಕೂರಿ. ತಿಂಗಳಿಗೊಮ್ಮೆ ಪಟ್ಟಿ ಬದಲಿಸಿ.

ಇನ್ನು ವಿಜ್ಞಾನ, ಸಮಾಜ ಪಾಠಗಳು. ಓದು ಅಲ್ಲಿ ಮುರಿಯುವುದು ಪಾರಿಭಾಷಿಕ ಪದಗಳಲ್ಲಿ. ಪಾಠಕ್ಕೆ ಮೊದಲು ಐದು ಪದ ಹಲಗೆ ಮೇಲೆ ಬಿಡಿಸಿ. ‘ದ್ಯುತಿಸಂಶ್ಲೇಷಣೆ’ಯನ್ನು ದ್ಯುತಿ|ಸಂಶ್ಲೇಷಣೆ ಎಂದು ಒಡೆಯಿರಿ. ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸಿ ಕಟ್ಟುವುದು. ‘ಪತ್ರಹರಿತ್ತು’ ಎಂದರೆ ಎಲೆಯ ಹಸಿರು. ಅರ್ಥ ಸಿಕ್ಕಿದರೆ ನಾಲಿಗೆಯೂ ತಿರುಗುತ್ತದೆ.

ಪ್ರಶ್ನೆ: ನನ್ನ ವಿದ್ಯಾರ್ಥಿಗಳು ಸರಾಗವಾಗಿ ಓದುತ್ತಾರೆ, ಪ್ರಶ್ನೆಗಳಿಗೆ ಸರಿಯುತ್ತರವನ್ನೂ ಬರೆಯುತ್ತಾರೆ. ಸ್ವಂತವಾಗಿ ಹೇಳಿ ಎಂದರೆ ಬಾಯಿ ಬಿಡುವುದಿಲ್ಲ. ಯಾಕೆ ಹೀಗೆ?
– ಪ್ರೌಢಶಾಲಾ ಶಿಕ್ಷಕರು, ಕುಂದಾಪುರ

ಉತ್ತರ: ಈ ವಾಕ್ಯ ಓದಿ: ‘ಗಿಮ್ಮನು ತೊಳಪನ್ನು ಬಸೆದನು.’ ಗಿಮ್ಮನು ಏನನ್ನು ಬಸೆದನು? ತೊಳಪನ್ನು. ಯಾರು ಬಸೆದರು? ಗಿಮ್ಮ. ಎರಡಕ್ಕೂ ಪೂರ್ತಿ ಅಂಕ. ಆದರೆ ಗಿಮ್ಮ, ತೊಳಪು, ಬಸೆಯುವುದು ಯಾವುದಕ್ಕೂ ಇಲ್ಲಿ ಅರ್ಥವಿಲ್ಲ. ಉತ್ತರ ಹೇಳಿದ್ದು ವಿಭಕ್ತಿ ಪ್ರತ್ಯಯಗಳು. ಪಾಠದ ಕೊನೆಯ ಪ್ರಶ್ನೆಗಳಲ್ಲಿ ಬಹಳಷ್ಟಕ್ಕೆ ಹೀಗೆಯೇ ಉತ್ತರಿಸಬಹುದು. ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕಿ, ಆ ಸಾಲನ್ನು ಎತ್ತಿ ಬರೆದರೆ ಆಯಿತು.

ಹಾಗಾಗಿ ಪಾಠದ ಸಾಲು ಎತ್ತಿ ಬರೆದರೆ ಉತ್ತರವಾಗದಂಥ ಒಂದಾದರೂ ಪ್ರಶ್ನೆ ಪ್ರತಿ ಪಾಠಕ್ಕೂ ಇರಲಿ. ಜೊತೆಗೆ, ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಉದ್ದ ವಾಕ್ಯವನ್ನು ಮಗು ಕೊನೆಯವರೆಗೆ ತಲೆಯಲ್ಲಿ ಹೊತ್ತುಕೊಂಡು ಹೋಗಬೇಕು. ಅದನ್ನು ಇಳಿಸಿಕೊಡಿ. ‘ಬೇರುಗಳು ಮಣ್ಣಿನಿಂದ ಹೀರಿಕೊಂಡ ನೀರು ಕಾಂಡದ ಮೂಲಕ ಎಲೆಗಳನ್ನು ತಲುಪುತ್ತದೆ’ ಎಂಬಲ್ಲಿ, ‘ತಲುಪುವುದು ಬೇರೋ, ನೀರೋ?’ ಎಂದು ಕೇಳಿ. ಬೇರು ಎಂದು ಉತ್ತರಿಸುವ ಮಕ್ಕಳು ಇರುತ್ತಾರೆ, ವಾಕ್ಯದ ಮೊದಲ ಪದ ಅದೇ ತಾನೆ. ಆಗ ಎರಡು ವಾಕ್ಯ ಮಾಡಿಸಿ: ಬೇರುಗಳು ನೀರು ಹೀರಿಕೊಳ್ಳುತ್ತವೆ. ಆ ನೀರು ಎಲೆಗಳನ್ನು ತಲುಪುತ್ತದೆ. ವಾರಕ್ಕೆ ಹತ್ತು ವಾಕ್ಯ ಹೀಗೆ ಒಡೆಸಿ, ಮತ್ತೆ ಕೂಡಿಸಿ.

ಪ್ರಶ್ನೆ: ಮಗಳು ‘ಹಕ್ಕಿ’ಯನ್ನು ‘ಅಕ್ಕಿ’ ಎಂದೇ ಓದುತ್ತಾಳೆ. ತಪ್ಪೆಂದು ಪ್ರತಿಸಲವೂ ತಿದ್ದಬೇಕೇ?
– ತಂದೆ, ಮಳವಳ್ಳಿ

ಉತ್ತರ: ‘ಹಾರುವ ಅಕ್ಕಿಯೋ, ಅನ್ನ ಮಾಡುವ ಅಕ್ಕಿಯೋ?’ ಎಂದು ಕೇಳಿ. ಹಾರುವುದು ಎಂದರೆ ಅವಳು ಸರಿಯಾಗಿಯೇ ಓದಿದ್ದಾಳೆ, ಅದು ಊರಿನ ನುಡಿ. ಓದಿನ ನಡುವೆ ತಿದ್ದಬೇಡಿ. ಬರೆಯುವಾಗ ಹ ಬಿಟ್ಟರೆ ಮಾತ್ರ ಉಕ್ತಲೇಖನದಲ್ಲಿ ಅಭ್ಯಾಸ ಮಾಡಿಸಿ.

ಪ್ರಶ್ನೆ: ಎಂಟನೇ ತರಗತಿಯ ಮಗ. ಎಷ್ಟು ಓದಿಸಿದರೂ ಅದೇ ತಪ್ಪು, ತಲೆನೋವು ಅನ್ನುತ್ತಾನೆ. ಡಿಸ್ಲೆಕ್ಸಿಯಾ (ಓದು ಬರಹಕ್ಕೆ ತೊಡಕಾಗುವ ಕಲಿಕಾ ನ್ಯೂನತೆ) ಇರಬಹುದೇ?
– ತಂದೆ, ಬೆಂಗಳೂರು

ಉತ್ತರ: ಮೊದಲು ಕಣ್ಣು, ಆಮೇಲೆ ಕಿವಿ ಪರೀಕ್ಷೆ ಮಾಡಿಸಿ. ಕನ್ನಡಕ ಬೇಕಾಗಿರುವ ಮಗು ಹಲಗೆಯ ಒತ್ತಕ್ಷರ ಕಾಣದೆ ಊಹಿಸಿ ಓದುತ್ತಿರಬಹುದು. ಸರ್ಕಾರಿ ಶಾಲೆಯಾದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬಂದಾಗ ತೋರಿಸಬಹುದು. ಎರಡೂ ಸರಿಯಿದ್ದು, ಮೇಲೆ ಹೇಳಿದಂತೆ ಎಂಟು-ಹತ್ತು ವಾರ ದಿನವೂ ಓದಿಸಿದರೂ ನೋಟ್ ಪುಸ್ತಕದ ಅಂಕಿಗಳು ಅಲುಗದಿದ್ದರೆ, ಮಾತಿನಲ್ಲಿ ಚುರುಕಿದ್ದು ಓದು ಬರಹದಲ್ಲಿ ಮಾತ್ರ ಹಿಂದಿದ್ದರೆ, ಮನೆಯಲ್ಲಿ ಬೇರೆಯವರಿಗೂ ಹೀಗೆ ಇದ್ದಿದ್ದರೆ ತಜ್ಞರಲ್ಲಿಗೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಪಾಸಣೆ ಮಾಡುತ್ತಾರೆ. ಹೋಗುವಾಗ ಆ ನೋಟ್ ಪುಸ್ತಕವನ್ನೂ, ಅವನ ಎರಡು ಮೂರು ವರ್ಷದ ಬರವಣಿಗೆಯನ್ನೂ ಜೊತೆಗೆ ಒಯ್ಯಿರಿ, ತಪಾಸಣೆ ಮಾಡುವವರಿಗೆ ಬಹಳ ಉಪಯೋಗ.

ಡಿಸ್ಲೆಕ್ಸಿಯಾ ಸೇರುವ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಪ್ರಮಾಣಪತ್ರ ಸಿಕ್ಕರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಕೇಳಬಹುದು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಆ ಅರ್ಜಿ ಶಾಲೆಯ ಮೂಲಕವೇ ಹೋಗಬೇಕಾದ್ದರಿಂದ ಹತ್ತನೇ ತರಗತಿಯವರೆಗೆ ಕಾಯದೆ ಈ ವರ್ಷವೇ ಮುಖ್ಯ ಶಿಕ್ಷಕರ ಜೊತೆ ಮಾತಾಡಿ.