ಲೇಬಲ್ಲಿನ ಮೇಲಿನ ಆ ಹೆಸರು

ಹಾಸನದ ಓದುಗರೊಬ್ಬರು ಬರೆಯುತ್ತಾರೆ: "ಅಮೆರಿಕದ ಜಾಝ್ ಗಾಯಕಿ ಬಿಲಿ ಹಾಲಿಡೇ ಕುರಿತ ನಿಮ್ಮ ಲೇಖನದಲ್ಲಿ 'ಸ್ಟ್ರೇಂಜ್ ಫ್ರೂಟ್' ಹಾಡು ಬರೆದವನಿಗೇ ಅರ್ಧ ಪುಟ ಹೋಗಿದೆ. ಹಾಡು ಉಳಿದದ್ದು ಹಾಡಿದವರಿಂದ. ಬರೆದವರು ಯಾರಾದರೇನು?"

ಸಂಪಾದಕರ ಉತ್ತರ: ಹಾಲಿಡೇ ಹಾಡದಿದ್ದರೆ ಅದು ನಮ್ಮ ಕಿವಿಗೆ ಬೀಳುತ್ತಿರಲಿಲ್ಲ, ಒಪ್ಪಿದೆ. 1939ರಲ್ಲಿ ನ್ಯೂಯಾರ್ಕಿನ ಕೆಫೆ ಸೊಸೈಟಿ ಎಂಬ ನೈಟ್‌ಕ್ಲಬ್ಬಿನಲ್ಲಿ ಅವರು ಈ ಹಾಡಿಗೆ ನಿಂತರೆ ಮಾಣಿಗಳು ಓಡಾಟ ನಿಲ್ಲಿಸುತ್ತಿದ್ದರು. ಕತ್ತಲಲ್ಲಿ ಅವರ ಮುಖದ ಮೇಲಷ್ಟೇ ಬೆಳಕು. ಹಾಡು ಮುಗಿದರೆ ಅದೂ ಆರುತ್ತಿತ್ತು. ಕೊಲಂಬಿಯಾ ರೆಕಾರ್ಡ್ ಕಂಪನಿ ಒಲ್ಲೆ ಎಂದಾಗ ಪುಟ್ಟ ಕಮೊಡೋರ್ ಕಂಪನಿಗೆ ಹಾಡಿಕೊಟ್ಟರು. ದೊಡ್ಡ ಧೈರ್ಯ ಅದು.

ಆದರೆ "ಯಾರಾದರೇನು" ಎಂದಿರಲ್ಲ, ಆ ಮಾತು ನನಗೆ ನಾಟಿತು. ಬರೆದವರು ಏಬಲ್ ಮೀರೊಪೋಲ್, ನ್ಯೂಯಾರ್ಕಿನ ಬ್ರಾಂಕ್ಸ್‌ನ ಹೈಸ್ಕೂಲ್ ಮೇಷ್ಟರು, ಯಹೂದಿ. 1930ರಲ್ಲಿ ಇಂಡಿಯಾನಾದ ಮೇರಿಯನ್ ಊರಲ್ಲಿ ಇಬ್ಬರು ಕಪ್ಪು ತರುಣರನ್ನು ಜನ ಮರಕ್ಕೆ ನೇತುಹಾಕಿ ಕೊಂದರು. ಅದರ ಫೋಟೋ ನೋಡಿದ್ದೀರಾ? ಕೆಳಗೆ ನೆರೆದವರಲ್ಲೊಬ್ಬ ಹೆಣಗಳತ್ತ ಬೆರಳು ತೋರಿಸುತ್ತಿದ್ದಾನೆ, ಕೆಲವರ ಮುಖದಲ್ಲಿ ನಗು. ಆ ಚಿತ್ರ ಮೇಷ್ಟರ ನಿದ್ದೆ ಕೆಡಿಸಿತು. ಮರದಲ್ಲಿ ತೂಗುವ ಹೆಣಗಳನ್ನೇ 'ವಿಚಿತ್ರ ಹಣ್ಣು' ಎಂದು ಕರೆದು ಪದ್ಯ ಬರೆದರು, 1937ರಲ್ಲಿ ಅದು ಶಿಕ್ಷಕರ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ರಾಗವನ್ನೂ ಹಾಕಿ, ಹಾಲಿಡೇ ಕೈಗೆ ಸೇರುವ ಮೊದಲೇ ಸಭೆಗಳಲ್ಲಿ ಹಾಡಿಸಿದ್ದರು. ಆದರೂ 1956ರ ಹಾಲಿಡೇ ಆತ್ಮಕಥೆ, ರಾಗ ಹಾಕುವಲ್ಲಿ ತಾನೂ ಪಿಯಾನೋದ ಸಾನಿ ವೈಟ್ ಕೂಡ ಕೈಜೋಡಿಸಿದ್ದೆವು ಎಂದಿತು. ಮೇಷ್ಟರು ಕೊನೆಯವರೆಗೂ ಅದನ್ನು ಒಪ್ಪಲಿಲ್ಲ. ಈ ಹಾಡು ಬರೆಯಲು ಕಮ್ಯುನಿಸ್ಟ್ ಪಕ್ಷ ದುಡ್ಡು ಕೊಟ್ಟಿತೇ ಎಂದು ಸರ್ಕಾರಿ ಸಮಿತಿಯೊಂದು ಕರೆಸಿ ಕೇಳಿದ್ದು ಮಾತ್ರ ಅವರನ್ನೇ. ಏಟು ಬೀಳುವಾಗ ಬರೆದವರು ಯಾರೆಂದು ಎಲ್ಲರಿಗೂ ನೆನಪಿರುತ್ತದೆ!

ಇನ್ನೊಂದು ಮಾತು. ಅವರ ಕಾವ್ಯನಾಮ ಲೂಯಿಸ್ ಅಲನ್. ಹುಟ್ಟುವಾಗಲೇ ತೀರಿಹೋದ ಇಬ್ಬರು ಮಕ್ಕಳ ಹೆಸರು ಅದು. ಮುಂದೆ, ಸೋವಿಯತ್ ಪರ ಗೂಢಚರ್ಯೆಯ ಆರೋಪದಲ್ಲಿ 1953ರಲ್ಲಿ ಮರಣದಂಡನೆಗೆ ಗುರಿಯಾದ ರೋಸೆನ್‌ಬರ್ಗ್ ದಂಪತಿಯ ಇಬ್ಬರು ಗಂಡುಮಕ್ಕಳನ್ನು ಮೀರೊಪೋಲ್ ದಂಪತಿ ದತ್ತು ಪಡೆದು ಬೆಳೆಸಿದರು. ಇಂಥವರಿಗೆ ಅರ್ಧ ಪುಟ ಹೆಚ್ಚೇ?

ನಮ್ಮಲ್ಲೂ ಇದೇ ಕಥೆ. ಮೊನ್ನೆ ಮದುವೆಮನೆಯೊಂದರಲ್ಲಿ ಹುಡುಗಿಯೊಬ್ಬಳು ಬೇಂದ್ರೆಯವರ ಪದ್ಯ ಸೊಗಸಾಗಿ ಹಾಡಿದಳು. ಕವಿ ಯಾರಮ್ಮ ಎಂದರೆ, "ಅಶ್ವಥ್ ಹಾಡು ಸರ್" ಎಂದಳು. ಅವಳ ತಪ್ಪೇನು? ಅವಳು ಕಲಿತ ಮೊಬೈಲಿನಲ್ಲಿ ಗಾಯಕರ ಹೆಸರಿದೆ, ಕಂಪನಿಯ ಹೆಸರಿದೆ, ಕವಿಯದಿಲ್ಲ. ಹಿಂದೆ ಆಕಾಶವಾಣಿಯಲ್ಲಿ "ರಚನೆ" ಎಂದು ಹೇಳಿಯೇ ಭಾವಗೀತೆ ಶುರುವಾಗುತ್ತಿದ್ದುದನ್ನು ಕೇಳಿ ಬೆಳೆದವನು ನಾನು.

ನಿಮ್ಮ ಪತ್ರದ ಕೊನೆಗೊಂದು ಚೆಂದದ ಭಾವಗೀತೆಯ ಸಾಲಿದೆ, ಕವಿಯ ಹೆಸರಿಲ್ಲ. ಒಂದು ಕಾರ್ಡಿನಲ್ಲಿ ಬರೆದು ಕಳಿಸಿ; ಮುಂದಿನ ಸಂಚಿಕೆಯಲ್ಲಿ ಹೆಸರಿನ ಸಮೇತ ಅಚ್ಚು ಹಾಕುತ್ತೇನೆ.