ದೇವರನ್ನು ಊರಲ್ಲೇ ಬಿಟ್ಟು ಬರಬೇಕಾ?

ತಮ್ಮಾ, ನಿನ್ನ ಮೇಲ್ ಓದಿದೆ. ಸಾಗರದಿಂದ ಟೊರೊಂಟೊಗೆ ಓದಲು ಬರುವ ಹುಡುಗ ಕೇಳುವುದೆಲ್ಲ ಅದರಲ್ಲಿದೆ: ಕೋಟು, ಬಾಡಿಗೆ, ಕುಕ್ಕರ್. ಆಮೇಲೆ ಎರಡು ಸಾಲು ಜಾಗ ಬಿಟ್ಟು ಇನ್ನೊಂದು ಬರೆದಿದ್ದೀಯ. 'ಅಣ್ಣ, ನಾನು ಗೇ. ಅಲ್ಲಿ ದೇವಸ್ಥಾನ, ಕನ್ನಡದವರ ಹಬ್ಬ ಅಂತ ಹೋಗಬಹುದಾ? ಇಲ್ಲಾ ದೇವರನ್ನು ಊರಲ್ಲೇ ಬಿಟ್ಟು ಬರಬೇಕಾ? ನಮ್ಮ ಧರ್ಮ ಯಾವತ್ತಾದರೂ ಬದಲಾಗುತ್ತಾ?'

ಮೊದಲಿನವಕ್ಕೆ ಬೇಗ ಹೇಳಿ ಮುಗಿಸುತ್ತೇನೆ. ಕೋಟು ಇಲ್ಲೇ ತಗೋ, ಶಿವಮೊಗ್ಗದ್ದು ನವೆಂಬರಿಗೇ ಸೋಲುತ್ತದೆ. ಬೇಸ್‌ಮೆಂಟ್ ಮನೆ ಹಿಡಿದರೆ ಕಿಟಕಿ ಇದೆಯಾ ನೋಡಿಕೋ. ಕುಕ್ಕರ್ ತಾ.

ಕೊನೆಯದಕ್ಕೆ ಸ್ವಲ್ಪ ಕೂತು ಬರೆಯಬೇಕು. ನಾನೂ ನಿನ್ನ ಹಾಗೇ ಮಾರಾಯ. ತೀರ್ಥಹಳ್ಳಿ ಬಿಟ್ಟು 19 ವರ್ಷ ಆಯಿತು. ಅದರಲ್ಲಿ 11 ವರ್ಷ ನ್ಯೂಫೌಂಡ್‌ಲ್ಯಾಂಡಿನ ಒಬ್ಬನ ಜೊತೆ ಸಂಸಾರ. ಅವನು ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವನು.

ಈ ದೇಶದ ಕಾನೂನು ನಿನ್ನ ಪರ. 2005ರ ಜುಲೈನಿಂದ ಇಡೀ ಕೆನಡಾದಲ್ಲಿ ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗಬಹುದು. ಆದರೆ ಶನಿವಾರ ಸಂಜೆ ನೀನು ಹೋಗುವುದು ಕಾನೂನಿನ ಮನೆಗಲ್ಲ, ನಮ್ಮವರ ಮನೆಗೆ. 1985ರಲ್ಲಿ ಬಂದವರ ಮನೆಯಲ್ಲಿ ಇನ್ನೂ 1985ರ ತೀರ್ಥಹಳ್ಳಿಯೇ ಇದೆ. ಈಗಿನ ತೀರ್ಥಹಳ್ಳಿ ಅದಕ್ಕಿಂತ ಮುಂದೆ ಹೋಗಿದೆ ಅಂತ ಹೇಳಿದರೆ ಅವರಿಗೆ ಬೇಜಾರಾಗುತ್ತದೆ.

ಒಂದು ಸಂಘದಲ್ಲಿ, ಹೆಸರು ಬೇಡ, ಫ್ಯಾಮಿಲಿ ಸದಸ್ಯತ್ವ ಕೇಳಿದೆ. ಖಜಾಂಚಿ ಫಾರಂ ನೋಡಿದರು, ನಮ್ಮಿಬ್ಬರನ್ನು ನೋಡಿದರು. 'ಎರಡು ಸಿಂಗಲ್ ಮಾಡಿಬಿಡೋಣ, ಅಲ್ವಾ?' ಅಂದರು. ಆಮೇಲೆ ಊಟಕ್ಕೆ ಕೂತಾಗ ನನ್ನವನ ಎಲೆಗೆ ಎರಡೆರಡು ಸಲ ಹೋಳಿಗೆ ಬಡಿಸಿದವರೂ ಅವರೇ. ಇಲ್ಲಿ ನಿನಗೆ ಸಿಗುವುದು ಜಾಸ್ತಿ ಇಂಥದ್ದೇ. ಹೊರಗೆ ಹೋಗು ಅಂತ ಯಾರೂ ಅನ್ನುವುದಿಲ್ಲ. ನೀವಿಬ್ಬರೂ ಬನ್ನಿ ಅಂತಲೂ ಯಾರೂ ಕರೆಯುವುದಿಲ್ಲ.

ಹೊಸ ಮನೆಗೆ ಹೋದ ವರ್ಷ ಸತ್ಯನಾರಾಯಣ ಪೂಜೆ ಇಟ್ಟುಕೊಂಡೆವು. ಇಬ್ಬರು ಪುರೋಹಿತರು ಫೋನಿನಲ್ಲೇ 'ಆ ದಿನ ಬೇರೆ ಕಡೆ ಒಪ್ಪಿಕೊಂಡಿದ್ದೇನೆ' ಅಂದರು. ನಾನಿನ್ನೂ ದಿನವನ್ನೇ ಹೇಳಿರಲಿಲ್ಲ. ಮೂರನೆಯವರು ಹೊನ್ನಾವರ ಕಡೆಯ ಭಟ್ಟರು. ಬಂದರು. ಕಲಶ ಇಟ್ಟು, ಸಂಕಲ್ಪಕ್ಕೆ ಕೈಗೆ ಅಕ್ಷತೆ ಕೊಟ್ಟು ಗೋತ್ರ ಕೇಳಿದರು. ನನ್ನದು ಹೇಳಿದೆ. ಇವನದ್ದು? ನ್ಯೂಫೌಂಡ್‌ಲ್ಯಾಂಡಿನವನಿಗೆ ಎಲ್ಲಿಯ ಗೋತ್ರ! ಭಟ್ಟರು ತಲೆ ಎತ್ತದೆ 'ಕಾಶ್ಯಪ' ಅಂದರು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳುವುದು ನಮ್ಮಲ್ಲಿ ಮೊದಲಿಂದ ಇದ್ದದ್ದೇ. ಮುಂದೆ 'ಧರ್ಮಪತ್ನೀ ಸಮೇತಸ್ಯ' ಅನ್ನುವ ಜಾಗ ಬಂತು. ಅಲ್ಲಿ ಒಂದು ಉಸಿರು ನಿಂತರು. ನನ್ನ ಕೈಯ ಅಕ್ಷತೆ ಬೆವರಿಗೆ ಅಂಟಿಕೊಂಡಿತ್ತು. ಆ ಮಾತು ಬಿಟ್ಟು, ನೇರ 'ಸಹಕುಟುಂಬಾನಾಂ ಕ್ಷೇಮ ಸ್ಥೈರ್ಯ' ಅಂತ ಮುಂದಕ್ಕೆ ಹೋದರು.

ಹೊಸ ಮಂತ್ರ ಏನೂ ಕಟ್ಟಲಿಲ್ಲ ನೋಡು. ಹಳೆಯದರಲ್ಲೇ 'ಸಹಕುಟುಂಬ' ಅನ್ನುವ ಮಾತು ಇತ್ತು. ಕಾಫಿ ಕೊಡುವಾಗ ಮೆಲ್ಲಗೆ ಕೇಳಿದೆ. 'ಮನೆ ಅಂದಮೇಲೆ ಕುಟುಂಬವೇ ತಾನೆ?' ಅಂದರು. ಮತ್ತೆ ಪ್ರಸಾದದ ಸಪಾದಕ್ಕೆ ತುಪ್ಪ ಸಾಲದು ಅಂತ ಇಬ್ಬರಿಗೂ ಸೇರಿಸಿ ಬೈದರು.

ಧರ್ಮ ಬದಲಾಗಬೇಕು ಅನ್ನುವವನು ನಾನು. ಆಗುವುದೇ ಇಲ್ಲ ಅನ್ನುವವರಿಗೆ ನಮ್ಮ ಜಿಲ್ಲೆಯನ್ನೇ ತೋರಿಸು. ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ಇತ್ತು. 1986ರಲ್ಲಿ ದೊಡ್ಡ ಗಲಾಟೆಯಾಗಿ, ಸರ್ಕಾರ ಅದನ್ನು ನಿಲ್ಲಿಸಿತು. ರೇಣುಕಾಂಬೆ ಬೆಟ್ಟ ಬಿಟ್ಟು ಹೋಗಲಿಲ್ಲ, ಜಾತ್ರೆಯೂ ನಿಲ್ಲಲಿಲ್ಲ. ಕುಪ್ಪಳಿಯ ಕುವೆಂಪು ಪುರೋಹಿತರೇ ಬೇಡ ಅಂತ ಮಂತ್ರ ಮಾಂಗಲ್ಯ ತಂದರು. ಈಗ ಕುಪ್ಪಳಿಗೇ ಹೋಗಿ ಹಾಗೆ ಮದುವೆಯಾಗುವವರಿದ್ದಾರೆ. ಅಷ್ಟು ದೂರ ಯಾಕೆ, ನನ್ನ ಅಜ್ಜಿಯ ಅತ್ತಿಗೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಸಾಯುವ ತನಕ ಕೆಂಪು ಸೀರೆಯಲ್ಲೇ ಇದ್ದರು. ಅದೂ ಶಾಸ್ತ್ರ ಅಂತಲೇ ನಡೆದದ್ದು. ಈಗ ನಮ್ಮ ಕಡೆ ಅದನ್ನು ಮಾಡಿಸುವವರಿಲ್ಲ. ಯಾವಾಗ ಬಿಟ್ಟಿರಿ ಅಂತ ಕೇಳಿದರೆ ಮನೆಯಲ್ಲಿ ಎಲ್ಲರೂ ಮಾತು ತಿರುಗಿಸುತ್ತಾರೆ.

ಇಲ್ಲಿನ ಚರ್ಚುಗಳೂ ಒಂದೇ ದಿನಕ್ಕೆ ಬದಲಾದವಲ್ಲ. ಯುನೈಟೆಡ್ ಚರ್ಚ್ ಆಫ್ ಕೆನಡಾ 1988ರಲ್ಲೇ ಗೇ ಆದವರು ಪಾದ್ರಿಯೂ ಆಗಬಹುದು ಅಂದಿತು. ಸಿಟ್ಟಾಗಿ ಬಿಟ್ಟು ಹೋದವರು ಬಹಳ. ನನ್ನವನ ಕ್ಯಾಥೊಲಿಕ್ ಚರ್ಚು 2023ರ ಡಿಸೆಂಬರಿಗೆ ನಮ್ಮಂಥ ಜೋಡಿಗೆ ಆಶೀರ್ವಾದ ಕೊಡುವ ತನಕ ಬಂದು ನಿಂತಿದೆ, ಮದುವೆ ಮಾತ್ರ ಇಲ್ಲ. ನನಗೆ ತುಂಬಾ ಇಷ್ಟದ್ದು ಇದೇ ಊರಿನ ಮೆಟ್ರೊಪಾಲಿಟನ್ ಕಮ್ಯುನಿಟಿ ಚರ್ಚಿನ ಕಥೆ. ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಹೆಸರು ಓದಿ, ಯಾರದ್ದಾದರೂ ತಕರಾರು ಇದೆಯಾ ಅಂತ ಕೇಳುವುದು ಕ್ರೈಸ್ತರ ಹಳೇ ಪದ್ಧತಿ. ಹಾಗೆ ಕೇಳಿದರೆ ಸರ್ಕಾರದ ಲೈಸೆನ್ಸ್ ಬೇಕಿಲ್ಲ. ಆ ಚರ್ಚಿನವರು ಅದನ್ನೇ ಹಿಡಿದು 2001ರ ಜನವರಿ 14ರಂದು ನಮ್ಮಂಥ ಎರಡು ಜೋಡಿಗೆ ಮದುವೆ ಮಾಡಿಸಿದರು. ಪಾದ್ರಿ ಗುಂಡು ತಡೆಯುವ ಅಂಗಿ ಹಾಕಿಕೊಂಡು ನಿಂತಿದ್ದರು. ಸರ್ಕಾರ ನೋಂದಣಿ ಮಾಡಲಿಲ್ಲ. 2003ರಲ್ಲಿ ಕೋರ್ಟು ಮಾಡಿಸಿತು.

ಹಾಗಂತ ಯಾರನ್ನೂ ಎಳೆದು ತಂದು ಮಂತ್ರ ಹೇಳಿಸುವ ಹಾಗಿಲ್ಲ. ಮನಸ್ಸಿಲ್ಲದ ಪಾದ್ರಿಯನ್ನೋ ಪುರೋಹಿತರನ್ನೋ ಕಾನೂನು ಒತ್ತಾಯ ಮಾಡುವುದಿಲ್ಲ. ಅದು ಸರಿ ಅಂತಲೇ ನನಗನ್ನಿಸುತ್ತದೆ. ಒಲ್ಲದ ಬಾಯಿಂದ ಆಶೀರ್ವಾದ ತಗೊಂಡು ಏನು ಮಾಡೋದು?

ಇನ್ನೊಂದು ಮಾತು. ಹರಿಹರ, ಮೋಹಿನಿ, ಅರ್ಧನಾರೀಶ್ವರ ಅಂತ ಪುರಾಣ ಹಿಡಿದು ಮನೆಯವರ ಜೊತೆ ವಾದಕ್ಕೆ ಇಳಿಯಬೇಡ. ನಾನು ಇಳಿದು ಸೋತೆ. 'ಅದು ದೇವರ ವಿಷಯ, ನೀನು ದೇವರಾ?' ಅಂತ ಅಮ್ಮ ಒಂದೇ ಮಾತಿಗೆ ಮುಗಿಸಿದಳು. ಎರಡು ವರ್ಷ ಈ ವಿಷಯ ಎತ್ತಲಿಲ್ಲ. ಆಮೇಲೊಂದು ದಿನ ಫೋನಿನಲ್ಲಿ, ಅಡಿಕೆ ಕೊಯ್ಲಿನ ಸುದ್ದಿ ಹೇಳುತ್ತಾ ಹೇಳುತ್ತಾ, 'ಮಠಕ್ಕೆಲ್ಲ ಹೇಳೋಕೆ ಹೋಗಬೇಡ. ತೋಟದ ಚೌಡಿಗೆ ನಾನು ಹೇಳಿದೀನಿ. ಇಬ್ಬರ ಹೆಸರಲ್ಲೂ ಕಾಯಿ ಒಡೆಸಿದೀನಿ' ಅಂದಳು. ಮಠದಿಂದ ಅಪ್ಪಣೆ ಬರಲಿ ಅಂತ ಕಾಯುತ್ತಾ ಕೂತಿದ್ದರೆ ಆ ಕಾಯಿ ಒಡೆಯುತ್ತಿರಲಿಲ್ಲ.

ಊರಿನ ಲೆಕ್ಕ ನಿನಗೂ ಗೊತ್ತು. 2018ರ ಸೆಪ್ಟೆಂಬರ್ 6ರಿಂದ ನಮ್ಮಂಥವರು ಅಪರಾಧಿಗಳಲ್ಲ. ಆದರೆ ಮದುವೆಯ ಹಕ್ಕನ್ನು 2023ರಲ್ಲಿ ಸುಪ್ರೀಂ ಕೋರ್ಟು ಕೊಡಲಿಲ್ಲ. ಮುಂದೆ ಇಲ್ಲಿ ಮದುವೆಯಾದರೂ ಆ ಕಾಗದ ಸಾಗರದಲ್ಲಿ ನಡೆಯುವುದಿಲ್ಲ. ಆಸ್ತಿ, ಬ್ಯಾಂಕು ಅಂತ ಬಂದಾಗ ಅದು ನೆನಪಿರಲಿ. ಬಂದ ತಕ್ಷಣ ಎಲ್ಲರಿಗೂ ಹೇಳಿಕೊಂಡು ತಿರುಗಬೇಕು ಅಂತಲೂ ಇಲ್ಲ. ಮೊದಲು ಯಾರ ಮನೆಯ ಊಟ ಹಿಡಿಸುತ್ತದೆ ನೋಡು.

ನೀನು ಬಂದಿಳಿಯುವ ಹೊತ್ತಿಗೆ ಚೌತಿ ಹತ್ತಿರ ಇರುತ್ತದೆ. ಅದೇ ಭಟ್ಟರು ನಮ್ಮ ಮನೆಗೆ ಬರುತ್ತಾರೆ, ನೀನೂ ಬಾ. ಗೋತ್ರ ಕೇಳುತ್ತಾರೆ, ಅಷ್ಟೇ. ಬರುವಾಗ ಅಮ್ಮನ ಕೈಯಲ್ಲಿ ಒಂದಿಷ್ಟು ಒಳ್ಳೆ ತುಪ್ಪ ಕಾಯಿಸಿಕೊಂಡು ಬಾ ಅನ್ನಬೇಕು ಅಂತಿದ್ದೆ, ಏರ್‌ಪೋರ್ಟಿನಲ್ಲಿ ಕಿರಿಕಿರಿ ಆದೀತು. ಸುಮ್ನೆ ಬಾ.