ಎಂಟ್ರೆನ್ಸ್ ಇರುವಾಗ ಪ್ಲಸ್ ಟು ಮಾರ್ಕ್ ಯಾರು ನೋಡ್ತಾರೆ?

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮಗಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲದಕ್ಕೂ ಎ ಪ್ಲಸ್ ಇತ್ತು. ಪ್ಲಸ್ ವನ್ನಿನಲ್ಲಿ (ಹನ್ನೊಂದನೇ ಕ್ಲಾಸಿನಲ್ಲಿ) ಫಿಸಿಕ್ಸ್, ಮ್ಯಾಥ್ಸ್ ಕೈಕೊಟ್ಟಿತು. ಎಂಜಿನಿಯರಿಂಗ್ ಆಸೆ. ‘ಈಗ ಎಲ್ಲ ಎಂಟ್ರೆನ್ಸ್ ಮೇಲೆ ಅಮ್ಮಾ, ಮಾರ್ಕ್ ಯಾರೂ ನೋಡಲ್ಲ’ ಅನ್ನುತ್ತಾಳೆ. ಹೌದಾ?

ಉತ್ತರ: ಎಲ್ಲ ಕಡೆ ಹಾಗಿಲ್ಲ ಅಕ್ಕಾ. ಈ ಮಾತು ನಂಬಿ ಮಕ್ಕಳು ಸೀಟು ಕಳೆದುಕೊಳ್ಳುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎನ್‌ಐಟಿಗಳ ಎಂಟ್ರೆನ್ಸಾದ ಜೆಇಇ ಮೈನ್ ರ‍್ಯಾಂಕಿಗೆ 2017ರಿಂದ ಬೋರ್ಡ್ ಮಾರ್ಕ್ ಸೇರಿಸುವುದಿಲ್ಲ, ನಿಜ. ಆದರೆ ಸುರತ್ಕಲ್ಲಿನ ಎನ್‌ಐಟಿಯಂಥ ಕಡೆ ಸೀಟು ಬೇಕಾದರೆ ಪ್ಲಸ್ ಟುವಿನಲ್ಲಿ 75% ಇರಬೇಕು, ಇಲ್ಲವೇ ತಮ್ಮ ಬೋರ್ಡಿನ ಮೇಲಿನ 20 ಪರ್ಸೆಂಟೈಲಿನೊಳಗೆ, ಅಂದರೆ ನೂರು ಮಕ್ಕಳಲ್ಲಿ ಮೊದಲ ಇಪ್ಪತ್ತರೊಳಗೆ, ಬರಬೇಕು. ಎಸ್‌ಸಿ, ಎಸ್‌ಟಿ ಮಕ್ಕಳಿಗೆ 65%. ಒಳ್ಳೆಯ ರ‍್ಯಾಂಕ್ ಬಂದು ಇಲ್ಲಿ ಜಾರಿದರೆ ಎಷ್ಟು ಸಂಕಟ, ಅಲ್ವಾ?

ನಿಮ್ಮ ಮಗಳಿಗೆ ಜಾಸ್ತಿ ಮುಖ್ಯವಾದದ್ದು ಕೀಮ್, ನಮ್ಮ ಕೇರಳದ ಎಂಟ್ರೆನ್ಸ್. ಅದರ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಎಂಟ್ರೆನ್ಸ್, ಅರ್ಧ ಪ್ಲಸ್ ಟುವಿನ ಮ್ಯಾಥ್ಸ್, ಫಿಸಿಕ್ಸ್, ಕೆಮಿಸ್ಟ್ರಿ. ಬೇರೆ ಬೇರೆ ಬೋರ್ಡಿನ ಮಾರ್ಕ್ ಹೊಂದಿಸುವ ಲೆಕ್ಕ ಬದಲಾಯಿಸಿದ್ದಕ್ಕೆ 2025ರಲ್ಲಿ ಕೇಸಾಗಿ, ಕೇರಳ ಹೈಕೋರ್ಟು ರ‍್ಯಾಂಕ್ ಪಟ್ಟಿಯನ್ನೇ ರದ್ದು ಮಾಡಿತು, ಹೊಸ ಪಟ್ಟಿ ಬಂತು. ಬೋರ್ಡ್ ಮಾರ್ಕಿಗೆ ಬೆಲೆ ಇಲ್ಲದಿದ್ದರೆ ಅಷ್ಟು ಜಗಳ ಯಾಕೆ ಆಗುತ್ತಿತ್ತು? ಕರ್ನಾಟಕದ ಸಿಇಟಿಯಲ್ಲೂ ಎಂಜಿನಿಯರಿಂಗಿಗೆ ಇದೇ ಅರ್ಧ-ಅರ್ಧ. ಗಡಿನಾಡ ಕನ್ನಡಿಗರಾಗಿ ಅಲ್ಲಿ ಅರ್ಜಿ ಹಾಕುವ ನಮ್ಮ ಮಕ್ಕಳು ಕನ್ನಡ ಭಾಷಾ ಪರೀಕ್ಷೆಯನ್ನೂ ಪಾಸಾಗಬೇಕು, ಅದನ್ನು ಮರೆಯಬೇಡಿ.

ಮೆಡಿಕಲ್ಲಿಗೆ ನೀಟ್ ಒಂದೇ, ಬೋರ್ಡಿನಲ್ಲಿ ಅರ್ಹತೆಗೆ ಬೇಕಾದಷ್ಟು ಇದ್ದರೆ ಸಾಕು. ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳಲ್ಲಿ 2021ರಲ್ಲಿ ಕಟ್-ಆಫ್ ನೂರಕ್ಕೆ ನೂರು ಇತ್ತು. 2022ರಿಂದ ಅಲ್ಲಿ ಬೋರ್ಡ್ ಮಾರ್ಕಿನ ಕಟ್-ಆಫ್ ಬದಲು ಸಿಯುಇಟಿ ಅನ್ನುವ ಎಂಟ್ರೆನ್ಸ್ ಬಂತು, ಅದನ್ನು ಕನ್ನಡದಲ್ಲೂ ಬರೆಯಬಹುದು.

ಎಂಜಿನಿಯರಿಂಗ್ ಬೇಡವಾಗಿ ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಡಿಗ್ರಿ ಅಂದುಕೊಂಡರೆ ಆಗ ಮಾರ್ಕೇ ಎಲ್ಲ. ನಮ್ಮ ಹೈಯರ್ ಸೆಕೆಂಡರಿಯಲ್ಲಿ ಪ್ಲಸ್ ವನ್ನಿನ 600, ಪ್ಲಸ್ ಟುವಿನ 600 ಸೇರಿಸಿ 1200ಕ್ಕೆ ಲೆಕ್ಕ. ಹಾಗಾಗಿ ಹೋದ ವರ್ಷದ ಪೆಟ್ಟು ಅಲ್ಲಿಗೇ ಮುಗಿಯುವುದಿಲ್ಲ.

ಫಿಸಿಕ್ಸ್, ಮ್ಯಾಥ್ಸಿಗೆ ಇಂಪ್ರೂವ್‌ಮೆಂಟ್ (ಪ್ಲಸ್ ವನ್ನಿನ ಮಾರ್ಕ್ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವ ಪರೀಕ್ಷೆ) ಖಂಡಿತ ಬರೆಸಿ, ಶಾಲೆಯಲ್ಲಿ ಕೊನೆಯ ದಿನಾಂಕ ಕೇಳಿಕೊಳ್ಳಿ. ಕೋಚಿಂಗ್ ಇದೆ ಅಂತ ಕ್ಲಾಸ್ ತಪ್ಪಿಸುವುದು, ಪ್ರಾಕ್ಟಿಕಲ್ ರೆಕಾರ್ಡ್ ಸುಮ್ನೆ ನೋಡಿ ಬರೆಯುವುದು ಬೇಡ. ಎಂಟ್ರೆನ್ಸಿಗೂ ಬೋರ್ಡಿಗೂ ಪಾಠ ಬಹುಪಾಲು ಅದೇ. ಬೋರ್ಡಿನಲ್ಲಿ ಹಂತ ಹಂತವಾಗಿ ಬರೆದು ತೋರಿಸಬೇಕು, ಅದಕ್ಕೆ ಬರೆದು ಬರೆದೇ ಕೈ ಪಳಗಬೇಕು.